ಕೊಂಡ ಪುಸ್ತಕಕ್ಕೆ ಬಾಡಿಗೆ ಕಟ್ಟುವುದಿಲ್ಲ

2022ರ ಡಿಸೆಂಬರ್‌ನಲ್ಲಿ ಹ್ಯಾಸ್‌ಬ್ರೋ ಕಂಪನಿಯ ದೊಡ್ಡವರು ಹೂಡಿಕೆದಾರರ ಮುಂದೆ ಕೂತು ಒಂದು ಲೆಕ್ಕ ಒಪ್ಪಿಸಿದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಲ್ಲಿ ಆಟ ನಡೆಸುವ ಡಂಜನ್ ಮಾಸ್ಟರ್‌ಗಳು ಬರೀ ಶೇ 20ರಷ್ಟು ಜನ. ಆದರೆ ದುಡ್ಡು ಕೊಡುವವರಲ್ಲಿ ಅವರದೇ ದೊಡ್ಡ ಪಾಲು. ಈ ಆಟದಿಂದ ಬರಬೇಕಾದಷ್ಟು ಹಣ ಇನ್ನೂ ಬರುತ್ತಿಲ್ಲ ಎಂದು ಇದನ್ನು ಪ್ರಕಟಿಸುವ ಹ್ಯಾಸ್‌ಬ್ರೋದ ಅಂಗಸಂಸ್ಥೆ ವಿಝರ್ಡ್ಸ್ ಆಫ್ ದ ಕೋಸ್ಟ್‌ನ ಆಗಿನ ಅಧ್ಯಕ್ಷೆ ಸಿಂಥಿಯಾ ವಿಲಿಯಮ್ಸ್ ಅಂದು ಹೇಳಿದರು.

ಆ ಲೆಕ್ಕ ಓದಿದ ದಿನದಿಂದ ನನ್ನ ಸಿಟ್ಟು ಇಳಿದಿಲ್ಲ. ಐವರು ಕೂತ ಮೇಜನ್ನು ನೋಡಿ ಅವರಿಗೆ ಕಂಡದ್ದು ಒಬ್ಬ ಗಿರಾಕಿ ಮತ್ತು ನಾಲ್ವರು ಬಿಟ್ಟಿ ಕೂಳಿನವರು. ಆ ನಾಲ್ವರಿಲ್ಲದಿದ್ದರೆ ಆ ಒಬ್ಬನೂ ಪುಸ್ತಕ ಕೊಳ್ಳುವುದಿಲ್ಲ ಎಂಬ ಸರಳ ಸತ್ಯ ಅವರ ತಲೆಗೆ ಹೋಗಲಿಲ್ಲ. ಹೋಗಿದ್ದರೂ ಅದನ್ನು ಬರೆದುಕೊಳ್ಳಲು ಅವರ ಖಾತೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಒಂದೇ ಪುಸ್ತಕವನ್ನು ಐವರು ಓದುವುದು ಅವರ ಪಾಲಿಗೆ ಸೋರಿಕೆ. ನಮ್ಮ ಪಾಲಿಗೆ ಅದೇ ಆಟ.

ಈ ಆಟ ಗೊತ್ತಿಲ್ಲದವರು ತಾಳಮದ್ದಲೆಯನ್ನು ನೆನೆಸಿಕೊಂಡರೆ ಸಾಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳಲ್ಲಿ ಒಬ್ಬ ಕೃಷ್ಣ, ಇನ್ನೊಬ್ಬ ಕೌರವ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳಷ್ಟೇ. ಮಾತು ಆ ರಾತ್ರಿ, ಆ ಕೂಟದಲ್ಲಿ, ಆ ಇಬ್ಬರ ನಾಲಿಗೆಯ ಮೇಲೆ ಹುಟ್ಟಬೇಕು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಕೂಡ ಇದೇ ಬಗೆಯದು. ಡಂಜನ್ ಮಾಸ್ಟರ್, ಅಂದರೆ ಡಿಎಂ, ಕಥೆಯ ಎಳೆ ಹಿಡಿದು ಕೂತಿರುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಫಲ ಏನಾದೀತೆಂದು ಗೊತ್ತಿಲ್ಲದ ಕಡೆ ಡೈಸ್ ಉರುಳುತ್ತದೆ. ರೂಲ್‌ಬುಕ್ ನಡುವೆ ಬಿದ್ದಿರುತ್ತದೆ. ಭಾಗವತರ ಎದುರಿನ ಪ್ರಸಂಗದ ಒಂದೊಂದು ಪ್ರತಿಯನ್ನು ಕೂಟದ ಅರ್ಥಧಾರಿಗಳೆಲ್ಲ ದುಡ್ಡು ಕೊಟ್ಟು ಕೊಂಡೇ ಬರಬೇಕೆಂದು ಕರಾವಳಿಯಲ್ಲಿ ಯಾರಾದರೂ ಕಟ್ಟಳೆ ಮಾಡಿದ್ದರೆ ಜನ ಕೇಳುತ್ತಿದ್ದರೇ? ಪ್ರಸಂಗಗಳು ಉಳಿದದ್ದೇ ಕೈಬರಹದಲ್ಲಿ ನಕಲಾಗಿ, ಮನೆಯಿಂದ ಮನೆಗೆ ದಾಟಿ. ಈಗ ಯಕ್ಷಗಾನದ ಮೇಲಿನ ಪ್ರೀತಿಯಿಂದ ಹಲವರು ಹಳೆಯ ಪ್ರಸಂಗಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಎಲ್ಲರಿಗೂ ಉಚಿತವಾಗಿ ಸಿಗುವಂತೆ ಇಟ್ಟಿದ್ದಾರೆ. ಅದರಿಂದ ಮೇಳಗಳೇನೂ ಮುಚ್ಚಿಹೋಗಲಿಲ್ಲ.

ನಾವು ಆಡುವುದು ಭಾನುವಾರ ಮಧ್ಯಾಹ್ನ, ಬೆಂಗಳೂರಿನ ಹನುಮಂತನಗರದ ಒಂದು ಬಾಡಿಗೆ ಮನೆಯ ಹಾಲ್‌ನಲ್ಲಿ. ಒಬ್ಬರು ಅತಿಥಿ ಉಪನ್ಯಾಸಕಿ, ನಮ್ಮ ಡಿಎಂ ಅವರೇ. ಒಬ್ಬ ಬೈಕ್ ಸರ್ವಿಸ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತಾನೆ. ಒಬ್ಬಳು ಬಿಎಸ್ಸಿ ಕೊನೆಯ ವರ್ಷದ ಹುಡುಗಿ. ನೆಲದ ಮೇಲೆ ಚಾಪೆ, ನಡುವೆ ಜೆರಾಕ್ಸ್ ಮಾಡಿಸಿದ ಕ್ಯಾರೆಕ್ಟರ್ ಶೀಟ್‌ಗಳು. ಅಳಿಸಿ ಅಳಿಸಿ ಪ್ರಾಣಾಂಕದ ಚೌಕದಲ್ಲಿ ಹಾಳೆ ತೆಳುವಾಗಿ ತೂತು ಬಿದ್ದಿರುತ್ತದೆ. ರೂಲ್‌ಬುಕ್ ಎಂದರೆ ಡಿಎಂ ತಮ್ಮ ದುಡ್ಡಿನಲ್ಲಿ ಕೊಂಡ ಒಂದು ಪಿಡಿಎಫ್. ಅದು ಅವರ ಹಳೆಯ ಟ್ಯಾಬ್‌ನಲ್ಲಿದೆ. ಟ್ಯಾಬ್‌ನ ಗಾಜು ಒಂದು ಮೂಲೆಯಲ್ಲಿ ಸೀಳಿದೆ, ಅಲ್ಲಿ ಬೆರಳಿಟ್ಟರೆ ಪುಟ ತಿರುಗುವುದಿಲ್ಲ.

"ಅಕ್ಕಾ, ಕತ್ತಲಲ್ಲಿ ಬಾಣ ಬಿಟ್ರೆ ಎಷ್ಟು ಮೈನಸ್ಸು?"

"ನೋಡೋ ನೀನೇ, ಬಿಲ್ಲು ಹಿಡಿದಿರೋನು ನೀನು."

ಟ್ಯಾಬ್ ಕೈಯಿಂದ ಕೈಗೆ ಹೋಗುತ್ತದೆ. ಅವನು ಜೂಮ್ ಮಾಡಿ ಓದುತ್ತಾನೆ, ಪಕ್ಕದವಳು ಅವನ ಭುಜದ ಮೇಲಿಂದ ಬಗ್ಗಿ ಓದುತ್ತಾಳೆ. "ಲೋ, ಅದರ ಕೆಳಗಿನ ಸಾಲು ನೋಡು, ದೀಪ ಹಚ್ಚಿದ್ರೆ ಇಲ್ವಂತೆ." ಆಗ ದೀಪ ಯಾರ ಬಳಿಯಿದೆ ಎಂಬ ಜಗಳ ಶುರು. ದೀಪ ಹಚ್ಚಿದರೆ ಗುಹೆಯೊಳಗಿನವರಿಗೆ ನಾವು ಬಂದದ್ದು ಗೊತ್ತಾಗುತ್ತದೆ. ಕಥೆ ಬೇರೆ ದಾರಿ ಹಿಡಿಯುತ್ತದೆ. ಆ ಮಧ್ಯಾಹ್ನವೆಲ್ಲ ನಡೆದದ್ದು ಭುಜದ ಮೇಲಿಂದ ಓದಿದ ಆ ಒಂದು ಸಾಲಿನಿಂದ. ಇದನ್ನು ಕಳವು ಎಂದು ಕರೆಯುವವರು ಒಂದು ದಿನ ಬಂದು ಆ ಚಾಪೆಯ ಮೇಲೆ ಕೂರಲಿ.

ಆ ಪಿಡಿಎಫ್‌ನ ಪ್ರತಿ ಪುಟದ ಅಡಿಯಲ್ಲೂ ನಮ್ಮ ಡಿಎಂ ಹೆಸರು ಮತ್ತು ಆರ್ಡರ್ ನಂಬರ್ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಫೈಲ್ ಹೊರಗೆ ಹೋದರೆ ಯಾರನ್ನು ಹಿಡಿಯಬೇಕೆಂದು ತಿಳಿಯಲು ಈ ಏರ್ಪಾಡು. ದುಡ್ಡು ಕೊಟ್ಟು ಕೊಂಡವಳ ಹೆಸರನ್ನೇ ಮುಂದಿನ ಆರೋಪಿಯ ಹೆಸರಾಗಿ ಪುಟಪುಟದಲ್ಲೂ ಹೊಡೆದಿಟ್ಟಿದ್ದಾರೆ. ಅತಿಥಿ ಉಪನ್ಯಾಸಕಿಯ ಸಂಬಳ ತಿಂಗಳುಗಟ್ಟಲೆ ತಡವಾಗುವ ಈ ರಾಜ್ಯದಲ್ಲಿ, ಆ ಹೆಂಗಸು ತನ್ನ ಗೆಳೆಯರಿಗಾಗಿ ಒಂದು ಪುಸ್ತಕ ಕೊಂಡದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಬೆಲೆಯ ಮಾತಿಗೆ ಬರೋಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಅಚ್ಚಿನಲ್ಲಿ ಸುಮಾರು 50 ಡಾಲರ್, ಡಿಜಿಟಲ್‌ನಲ್ಲಿ 30. ಆಟ ನಡೆಸಲು ಬೇಕಾದ ಮೂರೂ ಅಚ್ಚಿನ ಪುಸ್ತಕಗಳನ್ನು ಕೊಂಡರೆ 150 ಡಾಲರ್. ನಮ್ಮ ದುಡ್ಡಿನಲ್ಲಿ 12,000 ರೂಪಾಯಿ ದಾಟುತ್ತದೆ, ಬೆಂಗಳೂರಿನಲ್ಲಿ ಪಿಜಿಯೊಂದರ ಒಂದು ತಿಂಗಳ ಬಾಡಿಗೆಯಷ್ಟು. ಐವರೂ ಡಿಜಿಟಲ್ ಹ್ಯಾಂಡ್‌ಬುಕ್ ಒಂದನ್ನೇ ಬೇರೆಬೇರೆಯಾಗಿ ಕೊಂಡರೂ ಮತ್ತೆ 150 ಡಾಲರ್. ಆ ಹ್ಯಾಂಡ್‌ಬುಕ್ 384 ಪುಟದ್ದು. ಬಿಲ್ಲುಗಾರನ ಪಾತ್ರ ಹಿಡಿದವನಿಗೆ ಅದರಲ್ಲಿ ನಿಜವಾಗಿ ಬೇಕಾದದ್ದು ಹತ್ತು ಹನ್ನೆರಡು ಪುಟ. ಅವನಿಗೆ ಮಂತ್ರಗಳ ಅಧ್ಯಾಯ ಬೇಡ, ಮಾಂತ್ರಿಕಳಿಗೆ ಬಿಲ್ಲಿನ ಗೊಡವೆ ಬೇಡ. ಈ ಪುಸ್ತಕಗಳನ್ನು ಬರೆದಿರುವ ರೀತಿಯೇ ಹಾಗೆ: ಒಬ್ಬೊಬ್ಬರೂ ಒಂದೊಂದು ಭಾಗ ಓದಿಕೊಂಡು ಬಂದು ಮೇಜಿನ ಸುತ್ತ ಕೂರಲಿ ಎಂದು. ಗುಂಪಿಗೆಂದು ಬರೆದದ್ದನ್ನು ತಲೆಗೊಂದರಂತೆ ಮಾರಲು ಹೊರಟವರು ಆಟದ ಬುಡಕ್ಕೇ ಕೊಡಲಿ ಹಾಕುತ್ತಿದ್ದಾರೆ.

ಇವರ ಚರಿತ್ರೆಯನ್ನು ಒಮ್ಮೆ ಕೆದಕಿ ನೋಡಿ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್‌ನ ಟಿಎಸ್‌ಆರ್ ಸಂಸ್ಥೆ ಮೂರು ಪುಟ್ಟ ಪುಸ್ತಿಕೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಹತ್ತು ಡಾಲರಿಗೆ ಮಾರಿತು. ಮೊದಲು ಅಚ್ಚಾದದ್ದು ಸಾವಿರ ಪ್ರತಿ. ಆ ಸಾವಿರ ಪ್ರತಿಗಳಿಂದ ಆಟ ದೇಶವಿಡೀ ಹಬ್ಬಿದ್ದು ಹೇಗೆ? ಜೆರಾಕ್ಸ್ ಯಂತ್ರದ ನೆರವಿನಿಂದ. ಕಾಲೇಜು ಹುಡುಗರು, ಆಫೀಸಿನ ಯಂತ್ರ ಸಿಕ್ಕವರು ಪುಟಪುಟ ನಕಲು ಮಾಡಿ ಹಂಚಿದರು. ಅರಿಜೋನಾದ ಫೀನಿಕ್ಸ್‌ನಲ್ಲಿ ಕೆನ್ ಸೇಂಟ್ ಆಂಡ್ರೆ ಎಂಬಾತ ಗೆಳೆಯನ ಬಳಿಯಿದ್ದ ಪ್ರತಿಯನ್ನು ಓದಿ, ಇದು ತೀರಾ ತೊಡಕು, ಇದಕ್ಕಿಂತ ಸರಳವಾದದ್ದು ಬೇಕು ಎಂದು ತಾನೇ ಕೂತು ಬರೆದ. ಅದು 1975ರ ಟನಲ್ಸ್ ಅಂಡ್ ಟ್ರೋಲ್ಸ್, ಈ ಬಗೆಯ ಆಟಗಳಲ್ಲಿ ಅಚ್ಚಾದ ಎರಡನೆಯದು. ಗೆಳೆಯನ ಪುಸ್ತಕ ಓದುವುದು ಅಪರಾಧವಾಗಿದ್ದರೆ ಈ ಕಲೆಯ ಎರಡನೇ ಹೆಜ್ಜೆಯೇ ಬೀಳುತ್ತಿರಲಿಲ್ಲ.

ಮೊದಲ ಹೆಜ್ಜೆಯೂ ಬೀಳುತ್ತಿರಲಿಲ್ಲ. ಮಿನೆಸೋಟಾದ ಡೇವ್ ಆರ್ನೆಸನ್ ಬ್ಲ್ಯಾಕ್‌ಮೂರ್ ಎಂಬ ತನ್ನ ಆಟವನ್ನು ಗೈಗ್ಯಾಕ್ಸ್‌ನ ಮನೆಗೇ ತಂದು ಆಡಿಸಿ ತೋರಿಸಿದ. ತನ್ನ ಟಿಪ್ಪಣಿಗಳನ್ನು ಬಿಚ್ಚುಮನಸ್ಸಿನಿಂದ ಕಳಿಸಿಕೊಟ್ಟ. ಆ ಟಿಪ್ಪಣಿಗಳಿಂದಲೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎದ್ದು ನಿಂತದ್ದು. ಮುಂದೆ ಅದೇ ಆರ್ನೆಸನ್ ತನಗೆ ಬರಬೇಕಾದ ರಾಯಲ್ಟಿಗಾಗಿ 1979ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮೊದಲ ಪುಸ್ತಿಕೆಗಳಲ್ಲಿ ಹಾಬಿಟ್‌ಗಳಿದ್ದರು, ಎಂಟ್‌ಗಳಿದ್ದರು, ಬಾಲ್‌ರಾಗ್ ಇತ್ತು. ಎಲ್ಲವೂ ಟೋಲ್ಕಿನ್‌ನ ಮನೆಯವು. ಆ ಹಕ್ಕುಗಳನ್ನು ಹಿಡಿದವರು ಗದರಿದ ಮೇಲೆ ಹಾಬಿಟ್ ಹಾಫ್‌ಲಿಂಗ್ ಆಯಿತು, ಎಂಟ್ ಟ್ರೀಯಂಟ್ ಆಯಿತು. ಟೋಲ್ಕಿನ್‌ನಿಂದ ತೆಗೆದುಕೊಂಡದ್ದನ್ನು ನಾನು ತಪ್ಪೆನ್ನುವುದಿಲ್ಲ. ಕಥೆ ಹೇಳುವವರು ಲೋಕ ಹುಟ್ಟಿದಾಗಿನಿಂದ ಒಬ್ಬರಿಂದ ಒಬ್ಬರು ತೆಗೆದುಕೊಂಡೇ ಬದುಕಿದ್ದಾರೆ. ತೆಗೆದುಕೊಂಡು ದೊಡ್ಡವರಾದ ಮೇಲೆ ಬಾಗಿಲಿಗೆ ಅಗುಳಿ ಹಾಕಿಕೊಂಡರಲ್ಲ, ನನ್ನ ತಕರಾರು ಅದಕ್ಕೆ. 1990ರ ದಶಕದ ನಡುವಿನ ಹೊತ್ತಿಗೆ ಇದೇ ಟಿಎಸ್‌ಆರ್, ಅಭಿಮಾನಿಗಳು ತಾವೇ ಬರೆದು ಇಂಟರ್‌ನೆಟ್‌ನಲ್ಲಿ ಹಂಚಿಕೊಳ್ಳುತ್ತಿದ್ದ ಸಾಹಸಗಳ ಮೇಲೂ ಬೆದರಿಕೆಯ ಕಾಗದ ಕಳಿಸತೊಡಗಿತ್ತು. 1997ರಲ್ಲಿ ಸಾಲದಲ್ಲಿ ಮುಳುಗಿ ವಿಝರ್ಡ್ಸ್ ಕೈಗೆ ಹೋಯಿತು, ಎರಡು ವರ್ಷದಲ್ಲಿ ವಿಝರ್ಡ್ಸನ್ನು ಹ್ಯಾಸ್‌ಬ್ರೋ ನುಂಗಿತು. ಅಭಿಮಾನಿಗಳನ್ನು ಹೆದರಿಸಿ ಟಿಎಸ್‌ಆರ್‌ಗೆ ದಕ್ಕಿದ್ದೇನೂ ಇಲ್ಲ.

ಡಿಜಿಟಲ್ ಪುಸ್ತಕ ಕೊಂಡವರಿಗೆ ಮೊದಲ ದೊಡ್ಡ ಏಟು ಬಿದ್ದದ್ದು 2009ರ ಏಪ್ರಿಲ್ 6ರಂದು. ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಎರಡನೇ ಭಾಗವನ್ನು ಕೆಲವರು ಅಂತರ್ಜಾಲಕ್ಕೆ ಹಾಕಿದರೆಂದು ವಿಝರ್ಡ್ಸ್ ಎಂಟು ಮಂದಿಯ ಮೇಲೆ ಕೇಸು ಹಾಕಿತು. ಹಾಕಲಿ, ಅದು ಅವರ ಹಕ್ಕು. ಆದರೆ ಅದೇ ಉಸಿರಿನಲ್ಲಿ ತನ್ನ ಎಲ್ಲ ಪಿಡಿಎಫ್‌ಗಳನ್ನೂ, ಅಚ್ಚು ನಿಂತು ದಶಕಗಳಾದ ಹಳೆಯವನ್ನೂ ಸೇರಿಸಿ, ಅಂಗಡಿಗಳಿಂದ ಎಳೆದುಕೊಂಡಿತು. ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡಿದ್ದವರಿಗೂ ತಮ್ಮ ಪ್ರತಿಯನ್ನು ಮತ್ತೆ ಇಳಿಸಿಕೊಳ್ಳುವ ದಾರಿ ಮುಚ್ಚಿತು. ಕಂಪ್ಯೂಟರ್ ಕೆಟ್ಟವರ ಪುಸ್ತಕ ಅಲ್ಲಿಗೇ ಮಣ್ಣು. ಆ ಪಿಡಿಎಫ್‌ಗಳು ಮತ್ತೆ ಮಾರಾಟಕ್ಕೆ ಬಂದದ್ದು 2013ರ ಜನವರಿಯಲ್ಲಿ. ಆ ನಾಲ್ಕು ವರ್ಷ ಹಳೆಯ ಪುಸ್ತಕಗಳನ್ನು ಕಾಪಾಡಿದವರು ಯಾರು? ಗೆಳೆಯನಿಗೆ ಒಂದು ಪ್ರತಿ ಕೊಟ್ಟಿದ್ದವರು. ಕಂಪನಿ ಯಾರನ್ನು ಕಳ್ಳರೆಂದಿತೋ ಅವರ ಹಾರ್ಡ್‌ಡಿಸ್ಕಿನಲ್ಲಿ ಆ ಪುಸ್ತಕಗಳು ಉಸಿರಾಡುತ್ತಿದ್ದವು.

ಈಗಿನ ಉಪಾಯ ಇನ್ನೂ ನಯವಾದದ್ದು. ಫೈಲನ್ನೇ ಕೊಡದಿದ್ದರೆ ಹಂಚುವ ಪ್ರಶ್ನೆಯೇ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಹ್ಯಾಸ್‌ಬ್ರೋ ಡಿ ಅಂಡ್ ಡಿ ಬಿಯಾಂಡ್ ತಾಣವನ್ನು 14.63 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಅಲ್ಲಿ ಪುಸ್ತಕಕ್ಕೆ ದುಡ್ಡು ಕೊಟ್ಟರೆ ಪುಸ್ತಕ ಅವರ ಸರ್ವರ್‌ನಲ್ಲೇ ಇರುತ್ತದೆ. ನಮಗೆ ಸಿಗುವುದು ಅಲ್ಲಿಗೆ ಹೋಗಿ ಓದುವ ಅಪ್ಪಣೆ. ಅದನ್ನು ನಿಮ್ಮ ಮೇಜಿನವರಿಗೆ ತೋರಿಸಬೇಕೇ? ತಿಂಗಳಿಗೆ ಸುಮಾರು ಆರು ಡಾಲರಿನ ಮಾಸ್ಟರ್ ಚಂದಾ ಬೇರೆ ಕಟ್ಟಿ. ಮೊದಲು ಪುಸ್ತಕದ ದುಡ್ಡು ಕೊಟ್ಟೆವು, ಆಮೇಲೆ ಅದನ್ನು ಪಕ್ಕದವನಿಗೆ ತೋರಿಸುವುದಕ್ಕೆ ತಿಂಗಳ ಬಾಡಿಗೆ. ಬಾಡಿಗೆ ನಿಂತ ದಿನ ಪಕ್ಕದವನಿಗೆ ಕಣ್ಣು ಕುರುಡು. ಮೊದಲೆಲ್ಲ ಬೇಕಾದ ಒಂದು ಮಂತ್ರವನ್ನೋ ಒಂದು ಉಪವರ್ಗವನ್ನೋ ಬಿಡಿಯಾಗಿ ಒಂದೆರಡು ಡಾಲರಿಗೆ ಕೊಳ್ಳಬಹುದಿತ್ತು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳಿಗೆ ಅದೊಂದು ಆಸರೆ. 2024ರಲ್ಲಿ ಅದನ್ನೂ ತೆಗೆದುಹಾಕಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಜನ ದುಡ್ಡು ಕೊಟ್ಟು ಪಡೆದಿದ್ದ 2014ರ ಮಂತ್ರಗಳ ಜಾಗದಲ್ಲಿ ಹೊಸ ಮಂತ್ರಗಳನ್ನು ತಾವೇ ತುರುಕುವುದಾಗಿ ಪ್ರಕಟಿಸಿದರು. ಆಟಗಾರರು ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಆದರೆ ಅವರು ಯೋಚಿಸುವ ರೀತಿ ಬಯಲಾಯಿತು. ನಿಮ್ಮ ಮನೆಯ ಕಪಾಟಿಗೆ ರಾತ್ರೋರಾತ್ರಿ ನುಗ್ಗಿ ಪುಸ್ತಕದ ಹಾಳೆ ಬದಲಿಸಬಹುದೆಂದು ಅವರು ನಿಜವಾಗಿಯೂ ನಂಬಿದ್ದರು.

ಈ ಬಾಡಿಗೆ ಪದ್ಧತಿಯ ಬಿಸಿ ನಮ್ಮ ಗುಂಪಿಗೂ ತಟ್ಟಿದೆ. ಮೊದಲು ನಾವು ಪುಸ್ತಕಗಳನ್ನು ತನ್ನಲ್ಲೇ ಇಟ್ಟುಕೊಂಡು ಓದಿಸುವ ಒಂದು ತಾಣದಲ್ಲಿ ಆಡುತ್ತಿದ್ದೆವು. ತಿಂಗಳ ಚಂದಾ ಡಿಎಂ ಕಾರ್ಡಿನಿಂದ ತಾನಾಗಿ ಕಡಿತವಾಗುತ್ತಿತ್ತು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದು ಕಾರ್ಡಿನ ಆಟೊ-ಡೆಬಿಟ್‌ಗೆ ಮತ್ತೆ ಒಪ್ಪಿಗೆ ಕೊಡಬೇಕಾಯಿತು. ಆ ವಿದೇಶಿ ತಾಣ ಇನ್ನೂ ಆ ವ್ಯವಸ್ಥೆಗೆ ಹೊಂದಿಕೊಂಡಿರಲಿಲ್ಲ, ದುಡ್ಡು ಹೋಗಲಿಲ್ಲ. ಅದು ಯಾರಿಗೂ ಗೊತ್ತೇ ಆಗಲಿಲ್ಲ. ಭಾನುವಾರ ನಮ್ಮ ಆಟ ತೆರೆದರೆ ಮಾಂತ್ರಿಕಳ ಹಾಳೆಯಲ್ಲಿ ಅರ್ಧ ಮಂತ್ರಗಳಿಲ್ಲ. ಸರ್ವಿಸ್ ಸೆಂಟರ್ ಹುಡುಗನ ಪಾತ್ರ ತೆರೆಯಲೇ ಇಲ್ಲ. ಹೊಸ ಊರಿನಲ್ಲಿ, ಹೊಸ ಕೆಲಸದಲ್ಲಿ ಮಾತೇ ಆಡದ ಆ ಹುಡುಗ ಇಡೀ ವಾರದಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಆ ಪಾತ್ರದಲ್ಲಿ ಮಾತ್ರ. ಪುಸ್ತಕಗಳಿಗೆ ಕೊಡಬೇಕಾದ ದುಡ್ಡನ್ನು ನಾವು ಪೂರ್ತಿ ಕೊಟ್ಟಾಗಿತ್ತು. ತಾಣದವರಿಗೆ ಬರೆದರೆ ಬಂದ ಉತ್ತರ: ಚಂದಾ ನವೀಕರಿಸಿ. ಅಂದು ಡಿಎಂ ನೆನಪಿನಿಂದ ಮಂತ್ರಗಳನ್ನು ಹೇಳಿದರು, ನಾವು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆವು. ಆ ತಾಣವನ್ನು ಅಂದೇ ಬಿಟ್ಟೆವು. ಫೈಲ್ ಕೈಗೆ ಕೊಡದ ಪುಸ್ತಕಕ್ಕೆ ಅಂದಿನಿಂದ ನಮ್ಮ ಗುಂಪು ಒಂದು ಪೈಸೆ ಕೊಟ್ಟಿಲ್ಲ.

ಕಾನೂನಿನ ಹೆಸರು ಹೇಳಿ ನಮ್ಮನ್ನು ಬಾಯಿಮುಚ್ಚಿಸುವವರಿದ್ದಾರೆ. ಕಾನೂನನ್ನೇ ನೋಡೋಣ. ಅಚ್ಚಿನ ಪುಸ್ತಕವನ್ನು ಒಮ್ಮೆ ಮಾರಿದ ಮೇಲೆ ಅದರ ಮೇಲೆ ಪ್ರಕಾಶಕನ ಹಿಡಿತ ಮುಗಿಯಿತು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲೇ ಹೇಳಿದೆ. ಓದಿದವನು ಅದನ್ನು ಸಾಲ ಕೊಡಬಹುದು, ಮಾರಬಹುದು, ಮಗಳಿಗೆ ಬಿಟ್ಟುಹೋಗಬಹುದು. ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳು, ನಮ್ಮ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರದಿಂದ ನಡೆಯುವ ಲೈಬ್ರರಿಗಳು ನಿಂತಿರುವುದೂ ಇದೇ ತಿಳಿವಳಿಕೆಯ ಮೇಲೆ. ಅದೇ ಪುಸ್ತಕ ಫೈಲಾದ ಕೂಡಲೇ ಹಕ್ಕೆಲ್ಲ ಆವಿ. 2018ರಲ್ಲಿ ರೀಡಿಜಿ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, 2019ರಲ್ಲಿ ಟಾಮ್ ಕ್ಯಾಬಿನೆಟ್ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ, ಕೊಂಡ ಡಿಜಿಟಲ್ ಪ್ರತಿಯನ್ನು ಮತ್ತೊಬ್ಬರಿಗೆ ಮಾರುವ ದಾರಿಯನ್ನು ಮುಚ್ಚಿದವು. ಆಟದ ನಿಯಮ ಎಂಬ ವಸ್ತುವಿಗೇ ಅಮೆರಿಕದಲ್ಲಿ ಕಾಪಿರೈಟ್ ಇಲ್ಲ, ಅದನ್ನು ವಿವರಿಸಿದ ಬರಹಕ್ಕೆ, ಚಿತ್ರಕ್ಕೆ ಮಾತ್ರ ಇದೆ. ಕತ್ತಲಲ್ಲಿ ಬಾಣ ಬಿಟ್ಟರೆ ಗುರಿ ತಪ್ಪುತ್ತದೆ ಎಂಬುದು ಯಾರ ಸ್ವತ್ತೂ ಅಲ್ಲ. ಕಾಪಿರೈಟ್ ದೇವರು ಕೊಟ್ಟ ವರವೇನಲ್ಲ ಎಂದು ನಮ್ಮದೇ ದೆಹಲಿ ಹೈಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತದ್ದನ್ನೂ ಇವರಿಗೆ ನೆನಪಿಸಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಹೂಡಿದ್ದ ದಾವೆ ಅದು. ವಿದ್ಯಾರ್ಥಿಗಳ ಓದಿಗಾಗಿ ಪುಟಗಳನ್ನು ನಕಲು ಮಾಡಿ ಕೊಡುವುದು ತಪ್ಪಲ್ಲ ಎಂದು ನ್ಯಾಯಾಲಯ ಹೇಳಿತು. ಆ ತೀರ್ಪು ಶಿಕ್ಷಣಕ್ಕೆ ಸಂಬಂಧಿಸಿದ್ದು, ಆಟಕ್ಕಲ್ಲ. ಹಾಗಿದ್ದರೂ ಕೊಂಡ ಪುಸ್ತಕದ ಮುಂದೆ ಓದುಗ ಕೈಕಟ್ಟಿ ನಿಲ್ಲಬೇಕಾದ ಆಳಲ್ಲ ಎಂಬುದಕ್ಕೆ ಈ ನೆಲದಲ್ಲೇ ಸಾಕ್ಷಿಯಿದೆ. ಓದುವ ಹಕ್ಕನ್ನು ಕೆಲವೇ ಮಂದಿ ಕಾದುಕೊಂಡದ್ದನ್ನು ಶತಮಾನಗಳ ಕಾಲ ಕಂಡ ಸಮಾಜ ನಮ್ಮದು. ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಕೇಳುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

"ಹಾಗಾದರೆ ಬರೆದವರ ಹೊಟ್ಟೆಪಾಡು?" ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ನೇರ ಉತ್ತರ ಕೊಡಬೇಕು. ಈ ಪುಸ್ತಕಗಳನ್ನು ಬರೆಯುವ ಬಿಡಿ ಬರಹಗಾರರಿಗೆ ಸಿಗುವುದು ಸಾಮಾನ್ಯವಾಗಿ ಪದಕ್ಕೆ ಕೆಲವು ಸೆಂಟ್‌ಗಳ ಲೆಕ್ಕದ ಒಂದು ಸಲದ ದುಡ್ಡು. ಪುಸ್ತಕ ಲಕ್ಷ ಪ್ರತಿ ಹೋದರೂ ಅಂಥವರ ಜೇಬಿಗೆ ಮತ್ತೆ ಏನೂ ಬೀಳುವುದಿಲ್ಲ. 2023ರ ಆಗಸ್ಟ್‌ನಲ್ಲಿ ಬಂದ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಧರಿಸಿದ ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೊ ಗೇಮ್ ಜಗತ್ತನ್ನೇ ಗೆದ್ದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಎರಡು ವಾರ ಮೊದಲು, ಹ್ಯಾಸ್‌ಬ್ರೋ 1,100 ಮಂದಿಯನ್ನು ಮನೆಗೆ ಕಳಿಸುವುದಾಗಿ ಸಾರಿತು. ವಿಝರ್ಡ್ಸ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಟ್ಟಿದವರೂ ಅದರಲ್ಲಿದ್ದರು. ಅವರ ಅನ್ನ ಕಸಿದದ್ದು ನಮ್ಮ ಚಾಪೆಯ ಮೇಲೆ ಕೈ ಬದಲಿಸಿದ ಟ್ಯಾಬ್ ಎಂದು ಹೇಳುವ ಧೈರ್ಯ ಯಾರಿಗಿದೆ? ಬರೆಯುವವರ ಮೇಲೆ ನಿಜವಾದ ಕಾಳಜಿಯಿದ್ದರೆ ಅವರ ಸಂಘಟನೆಯ ಜೊತೆ ನಿಲ್ಲಬೇಕು. ಪಾತ್‌ಫೈಂಡರ್ ಆಟದ ಪ್ರಕಾಶಕ ಸಂಸ್ಥೆ ಪೈಜೋದಲ್ಲಿ 2021ರಲ್ಲಿ ಕೆಲಸಗಾರರು ಯೂನಿಯನ್ ಕಟ್ಟಿದರು. ಈ ಉದ್ಯಮದ ಮಟ್ಟಿಗೆ ಅಂಥದ್ದು ಅದೇ ಮೊದಲು. ಇಪ್ಪತ್ತು ಡಾಲರಿನ ಪಿಡಿಎಫ್ ಎರಡು ಮನೆಯಲ್ಲಿ ಓದಿಸಿಕೊಂಡಿತೆಂದು ಗೋಳಾಡುವವರಲ್ಲಿ ಎಷ್ಟು ಜನ ಅಂದು ಆ ಕೆಲಸಗಾರರ ಪರ ಒಂದು ಸಾಲು ಬರೆದರು?

ನನ್ನ ಗೆರೆ ಎಲ್ಲಿದೆ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಒಬ್ಬ ಗೆಳತಿ ಕೊಂಡ ಪುಸ್ತಕವನ್ನು ಅವಳ ಜೊತೆ ಕೂತು ಆಡುವ ನಾವು ಓದುತ್ತೇವೆ, ನಮಗೆ ಬೇಕಾದ ಪುಟಗಳನ್ನು ಇಟ್ಟುಕೊಳ್ಳುತ್ತೇವೆ. ಇದನ್ನು ಬಿಡುವುದಿಲ್ಲ. ಅದೇ ಫೈಲನ್ನು ಊರಿಗೆಲ್ಲ ಎಸೆಯುವುದಿಲ್ಲ, ಜಾಹೀರಾತಿನ ದುಡ್ಡಿಗಾಗಿ ಸಾವಿರ ಪುಸ್ತಕ ಪೇರಿಸಿಟ್ಟ ತಾಣಗಳ ಹತ್ತಿರ ಸುಳಿಯುವುದಿಲ್ಲ. ಒಬ್ಬಂಟಿಯಾಗಿ ಕೂತು ನಲವತ್ತು ಪುಟದ ಆಟ ಬರೆದು ಐದು ಡಾಲರಿಗೆ ಮಾರುವವರ ಪುಸ್ತಕವನ್ನು ಹಾಗೆ ಬೀದಿಗೆ ಹಾಕುವವರು ಬಂಡಾಯಗಾರರಲ್ಲ, ಬಡವರ ಗಂಜಿಗೆ ಕೈ ಹಾಕುವವರು. ನಮ್ಮ ಗುಂಪಿನಲ್ಲಿ ಪ್ರತಿ ತಿಂಗಳೂ ಎಲ್ಲರೂ ಕೈಲಾದಷ್ಟು ಒಂದು ಡಬ್ಬಿಗೆ ಹಾಕುತ್ತೇವೆ. ಯಾರೆಷ್ಟು ಹಾಕಿದರೆಂದು ಯಾರೂ ನೋಡುವುದಿಲ್ಲ. ಮುಂದಿನ ಪುಸ್ತಕ ಆ ದುಡ್ಡಿನಿಂದ.

ಹೀಗೆ ಬದುಕಬಹುದೆಂದು ತೋರಿಸಿಕೊಟ್ಟವರೂ ಈ ಲೋಕದಲ್ಲೇ ಇದ್ದಾರೆ. 2009ರಲ್ಲಿ ಬಂದ ಎಕ್ಲಿಪ್ಸ್ ಫೇಸ್ ಆಟವನ್ನು ಅದರ ಕರ್ತೃಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು, ಹಂಚಿಕೊಳ್ಳಿ ಎಂದು ತಾವೇ ಟಾರೆಂಟ್‌ಗೆ ಹಾಕಿದರು, ಜೊತೆಗೆ ಮಾರಿದರು ಕೂಡ. ಪಾತ್‌ಫೈಂಡರ್‌ನ ನಿಯಮಗಳೆಲ್ಲ ಕಂಪನಿಯ ಒಪ್ಪಿಗೆಯಿಂದಲೇ ಆರ್ಕೈವ್ಸ್ ಆಫ್ ನೀಥಿಸ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಪುಸ್ತಕಗಳೂ ಮಾರಾಟವಾಗುತ್ತಲೇ ಇವೆ. ಬಿಟ್ಸ್ ಅಂಡ್ ಮಾರ್ಟರ್ ಎಂಬ ಒಕ್ಕೂಟದ ಪ್ರಕಾಶಕರು, ಅಂಗಡಿಯಲ್ಲಿ ಅಚ್ಚಿನ ಪುಸ್ತಕ ಕೊಂಡವರಿಗೆ ಪಿಡಿಎಫ್ ಸುಮ್ಮನೆ ಕೊಡುತ್ತಾರೆ. ನನ್ನ ಮನಸ್ಸು ತುಂಬಿದ್ದು ಮಾತ್ರ ಇಚ್.ಐಒ ತಾಣದಲ್ಲಿ ಮಾರುವ ಸಣ್ಣ ಬರಹಗಾರರನ್ನು ನೋಡಿ. ಅವರಲ್ಲಿ ಬಹಳ ಮಂದಿ ತಮ್ಮ ಆಟದ ಪುಟದಲ್ಲಿ 'ಕಮ್ಯುನಿಟಿ ಕಾಪಿ' ಎಂದು ಕೆಲವು ಪ್ರತಿಗಳನ್ನು ತೆಗೆದಿಡುತ್ತಾರೆ. ಹಲವರ ಪುಟದಲ್ಲಿ, ಯಾರಾದರೂ ಒಂದು ಪ್ರತಿ ಕೊಂಡಾಗ ಇಲ್ಲದವರಿಗಾಗಿ ಒಂದು ಪ್ರತಿ ಅಲ್ಲಿ ಸೇರುತ್ತದೆ. ಬೇಕಾದವರು ತೆಗೆದುಕೊಳ್ಳಬಹುದು. ಸಂಬಳದ ಚೀಟಿ ತೋರಿಸಬೇಕಿಲ್ಲ, ಕಷ್ಟ ಹೇಳಿಕೊಳ್ಳಬೇಕಿಲ್ಲ. ತಿಂಗಳ ಕೊನೆಗೆ ತಾವೇ ಕಾಸು ಎಣಿಸುವವರು ಮಾಡುವ ಕೆಲಸ ಇದು. ಕೋಟಿಗಟ್ಟಲೆ ಡಾಲರ್ ಎಣಿಸುವವರು ಮಾಡಿದ್ದು ಕೊಂಡ ಪುಸ್ತಕಕ್ಕೂ ಬಾಡಿಗೆ ವಸೂಲಿ. ನಮ್ಮ ಡಬ್ಬಿಯ ದುಡ್ಡು ಈಗ ಹೋಗುವುದು ಅಲ್ಲಿಗೆ.

ಸಿಟ್ಟಿನಿಂದ ಏನೂ ಆಗುವುದಿಲ್ಲ ಎನ್ನುವವರು 2023ರ ಜನವರಿಯನ್ನು ನೋಡಲಿ. 2000ರಲ್ಲಿ ಇದೇ ವಿಝರ್ಡ್ಸ್ ಓಪನ್ ಗೇಮ್ ಲೈಸೆನ್ಸ್ ಹೆಸರಿನಲ್ಲಿ ಆಟದ ಮೂಲ ನಿಯಮಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಅದನ್ನು ನಂಬಿ ಇಪ್ಪತ್ತು ವರ್ಷ ನೂರಾರು ಸಣ್ಣ ಪ್ರಕಾಶಕರು ಬದುಕು ಕಟ್ಟಿಕೊಂಡರು. ಆ ಪರವಾನಗಿಯನ್ನು ರದ್ದು ಮಾಡಿ, ದೊಡ್ಡ ವ್ಯವಹಾರದವರಿಂದ ಏಳೂವರೆ ಲಕ್ಷ ಡಾಲರ್ ದಾಟಿದ ಆದಾಯದ ಮೇಲೆ ಶೇ 25 ಕಪ್ಪ ಕೇಳುವ ಹೊಸ ಕರಡು ಆ ತಿಂಗಳ ಮೊದಲ ವಾರದಲ್ಲಿ ಬಯಲಿಗೆ ಬಿತ್ತು. ಆಟಗಾರರು ಮೆರವಣಿಗೆ ಮಾಡಲಿಲ್ಲ. ತಿಂಗಳ ಚಂದಾ ರದ್ದು ಮಾಡಿದರು, ಒಬ್ಬರಾದ ಮೇಲೆ ಒಬ್ಬರು, ಒಬ್ಬರನ್ನೊಬ್ಬರು ಎಬ್ಬಿಸಿ. ಬಾಡಿಗೆಯ ಹಣ ನಿಂತಾಗ ಕಂಪನಿಯ ಧ್ವನಿ ಬದಲಾಯಿತು. ಜನವರಿ 27ರಂದು ವಿಝರ್ಡ್ಸ್ ತನ್ನ ಸಿಸ್ಟಂ ರೆಫರೆನ್ಸ್ ಡಾಕ್ಯುಮೆಂಟ್ 5.1 ಅನ್ನು, ಎಂದರೆ ಆಟದ ಮೂಲ ನಿಯಮಗಳ ನಾನೂರು ಪುಟಗಳನ್ನು, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದನ್ನು ಹಿಂದಕ್ಕೆ ಪಡೆಯಲು ಇನ್ನು ಯಾರಿಂದಲೂ ಆಗದು.

ಹೀಗೆ ಬಿಡುಗಡೆಯಾದ ಆ ಪುಟಗಳು ಈಗ ನಮ್ಮವು ಕೂಡ. ಯಾವ ಭಾಷೆಗಾದರೂ ತರಬಹುದು, ಯಾರಿಗಾದರೂ ಹಂಚಬಹುದು, ಅಚ್ಚು ಹಾಕಿ ಮಾರಲೂಬಹುದು. ಮೂಲದವರ ಹೆಸರು ಹೇಳಿದರೆ ಸಾಕು. ಬಿಲ್ಲಿನ ಹುಡುಗ ಬಳ್ಳಾರಿ ಕಡೆಯವನು, ಇಂಗ್ಲಿಷ್ ಸಾಲನ್ನು ಮೂರು ಸಲ ಓದಿದರೂ ಹಿಡಿತಕ್ಕೆ ಬರುತ್ತಿರಲಿಲ್ಲ. ಅವನಿಗಾಗಿ ನಾವು ಹೋರಾಟದ ಅಧ್ಯಾಯವನ್ನು ಕನ್ನಡಕ್ಕೆ ತರಲು ಶುರುಮಾಡಿದೆವು. ಈಗ ಅವನೇ ಮೊದಲ ಕರಡು ಬರೆಯುತ್ತಾನೆ, ಉಳಿದವರು ತಿದ್ದುತ್ತೇವೆ. ಮುಗಿದ ಭಾಗಗಳನ್ನು ಅದೇ ಪರವಾನಗಿಯಲ್ಲಿ ಬಿಡುತ್ತಿದ್ದೇವೆ. ಆ ಕನ್ನಡ ಪಿಡಿಎಫ್‌ನ ಯಾವ ಪುಟದ ಅಡಿಯಲ್ಲೂ ಕೊಂಡವರ ಹೆಸರಿಲ್ಲ. ಧಾರವಾಡದ ಹಾಸ್ಟೆಲಿನವರು, ಮಂಗಳೂರಿನ ಕಾಲೇಜಿನವರು, ಯಾರ ಬಳಿ ಜೆರಾಕ್ಸ್ ಅಂಗಡಿಗೆ ಕೊಡಲು ನಾಲ್ಕು ಕಾಸಿದೆಯೋ ಅವರೆಲ್ಲ ಮೇಜಿಗೆಷ್ಟು ಬೇಕೋ ಅಷ್ಟು ಪ್ರತಿ ಮಾಡಿಸಿಕೊಳ್ಳಿ. ನಮ್ಮನ್ನು ಕೇಳಬೇಕಾಗಿಲ್ಲ.